ಗೋಡೆ ಮುಚ್ಚುವ ಮುನ್ನ ಮುಟ್ಟಿ ನೋಡು

ಗೋಡೆ ನೆಟ್ಟಗಿಲ್ಲ ಅಂತ ನಿನಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲವಂತೆ, ನಿಮ್ಮಮ್ಮ ಹೇಳಿದಳು. ನೀನು ವಾಟ್ಸಾಪಿನಲ್ಲಿ ಕಳಿಸಿದ ಫೋಟೋಗಳನ್ನೂ ನೋಡಿದೆ. ಹಾಲ್‌ನ ಗೋಡೆಗೆ ಹೊಟ್ಟೆ ಬಂದಿದೆ, ಮಲಗುವ ಕೋಣೆಯ ಗೋಡೆಯಲ್ಲಿ ತಗ್ಗು, ಕಿಟಕಿ ಕೆಳಗೆ ಬಣ್ಣ ಹಕ್ಕಳೆ ಎದ್ದಿದೆ, ಹಳೇ ಮಾಲೀಕರು ಹೊಡೆದ ಮೊಳೆಗಳಿಗಂತೂ ಲೆಕ್ಕವೇ ಇಲ್ಲ. ನಿನ್ನ ಮದುವೆ ಆಲ್ಬಮಿನಲ್ಲೂ ಯಾರ ಮುಖವನ್ನೂ ಇಷ್ಟು ಹತ್ತಿರದಿಂದ ತೆಗೆದಿರಲಿಲ್ಲ.

ಶ್ರಾವಣದಲ್ಲಿ ಗೃಹಪ್ರವೇಶ, ಬೀಗರೆಲ್ಲ ಬರುತ್ತಾರೆ, ಅಷ್ಟರೊಳಗೆ ಗೋಡೆಗಳಿಗೆಲ್ಲ ಪಿವಿಸಿ ಪ್ಯಾನೆಲ್ ಹೊಡೆಸಿ ಮುಚ್ಚಿಬಿಡೋದು, ಇದು ನಿನ್ನ ಲೆಕ್ಕ. ಮೂವತ್ತು ತುಂಬುವ ಮುಂಚೆ ಸ್ವಂತ ದುಡಿಮೆಯಲ್ಲಿ ಮನೆ ಮಾಡಿಕೊಂಡೆ, ಹಳೇದಾದರೂ ಗಟ್ಟಿಮುಟ್ಟಾದ ಮನೆ ಆರಿಸಿದೆ. ಬುದ್ಧಿಗೇನೂ ಕೊರತೆಯಿಲ್ಲ ಮಗು ನಿನಗೆ. ಆದರೆ ಕಣ್ಣಿಗೆ ಬಿದ್ದದ್ದೆಲ್ಲ ಇವತ್ತೇ ಸರಿಯಾಗಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಗಾದೆ ನಿನ್ನನ್ನು ನೋಡದೆಯೇ ಹುಟ್ಟಿತಲ್ಲ ಅನ್ನೋದೇ ನನಗೆ ಆಶ್ಚರ್ಯ. ಮೇಸ್ತ್ರಿಗಳ ಹಿಂದೆ ಹಾಜರಿ ಪುಸ್ತಕ ಹಿಡಿದು ಓಡಾಡಿದವನು ನಾನು. ತಲೆ ಬೆಳ್ಳಗಾದದ್ದು ವಯಸ್ಸಿನಿಂದಲೋ ಸಿಮೆಂಟಿನ ಧೂಳಿನಿಂದಲೋ ಗೊತ್ತಿಲ್ಲ, ಗೋಡೆಗಳ ಸಹವಾಸ ಮಾತ್ರ ಚೆನ್ನಾಗಿ ಮಾಡಿದ್ದೇನೆ. ಪ್ಯಾನೆಲ್‌ನವನಿಗೆ ಅಡ್ವಾನ್ಸು ಕೊಡುವ ಮುಂಚೆ ಸ್ವಲ್ಪ ಕೂತು ಕೇಳು.

ನಿನ್ನ ಫೋಟೋಗಳಲ್ಲಿ ಎರಡು ಬೇರೆ ಬೇರೆ ತಕರಾರುಗಳಿವೆ, ನೀನು ಎರಡನ್ನೂ ಒಂದೇ ಗಂಟು ಕಟ್ಟಿದ್ದೀಯ. ಉಬ್ಬು, ತಗ್ಗು, ಡೊಂಕು ಇವು ಗೋಡೆಯ ರೂಪ. ಒದ್ದೆ, ಉಪ್ಪು, ಹಕ್ಕಳೆ ಇವು ಗೋಡೆಯ ಕಾಯಿಲೆ. ರೂಪ ಚೆನ್ನಾಗಿಲ್ಲದಿದ್ದರೆ ಮುಚ್ಚು, ಬಿಡು, ಅಲಂಕಾರ ಮಾಡು, ನಿನ್ನಿಷ್ಟ. ಕಾಯಿಲೆಯ ಗೋಡೆಯನ್ನು ಮಾತ್ರ ಮುಚ್ಚಬೇಡ. ಯಾವುದು ಯಾವುದು ಅಂತ ತಿಳಿಯಲು ಇಂಜಿನಿಯರೇ ಬರಬೇಕಾಗಿಲ್ಲ. ಫೋನು ಕೆಳಗಿಟ್ಟು ಗೋಡೆ ಮುಟ್ಟು. ಅಂಗೈ ಹಿಂಭಾಗ ತಾಗಿಸಿದರೆ ತಣ್ಣಗಿದೆಯೋ ತೇವ ಇದೆಯೋ ಗೊತ್ತಾಗುತ್ತೆ. ಬೆರಳ ಗೆಣ್ಣಿನಿಂದ ಕುಟ್ಟು. ಗಟ್ಟಿ ಗಿಲಾವು ಗಟ್ಟಿಯಾಗೇ ಸದ್ದು ಕೊಡುತ್ತೆ, ಬಿಟ್ಟುಕೊಂಡ ಗಿಲಾವು ಟೊಳ್ಳು ಸದ್ದು ಮಾಡುತ್ತೆ. ಟೊಳ್ಳಿರುವ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಂಡು ಹೋಗು. ಅರ್ಧ ಗಂಟೆಯಲ್ಲಿ ನಿನ್ನ ಮನೆಯ ನಕ್ಷೆ ನಿನ್ನ ಕೈಯಲ್ಲೇ ಇರುತ್ತೆ.

ತೇವ ಎಲ್ಲಿ ಕೂತಿದೆ ಅನ್ನೋದೇ ಅದು ಎಲ್ಲಿಂದ ಬಂತು ಅನ್ನೋದನ್ನೂ ಹೇಳುತ್ತೆ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಪಟ್ಟೆ ಎದ್ದು, ಮೇಲೆ ಬಿಳೀ ಉಪ್ಪು ಕೂತಿದ್ದರೆ ನೆಲದ ನೀರು ಗೋಡೆ ಹತ್ತಿದೆ ಅಂತ. ಇಟ್ಟಿಗೆ, ಗಾರೆ ಎರಡಕ್ಕೂ ನೀರು ಹೀರುವ ಗುಣವಿದೆ. ಆ ನೀರು ಮಣ್ಣಿನ ಉಪ್ಪನ್ನೂ ಕರಗಿಸಿಕೊಂಡು ಮೇಲೆ ಬರುತ್ತೆ, ನೀರು ಆರಿದ ಮೇಲೆ ಉಪ್ಪು ಹರಳುಗಟ್ಟಿ ಉಬ್ಬಿ ಬಣ್ಣವನ್ನು ಎತ್ತಿ ಎಸೆಯುತ್ತೆ. ಮೇಲಿನ ಮೂಲೆಯಲ್ಲಿ ಕಲೆ ಇದ್ದರೆ ತಾರಸಿಯನ್ನೋ ಮೇಲಿನ ಮನೆಯ ಬಚ್ಚಲನ್ನೋ ವಿಚಾರಿಸು. ಕಿಟಕಿಯ ಕೆಳಗಿದ್ದರೆ ಮಳೆ ನೀರು ಚೌಕಟ್ಟಿನ ಸಂದಿನಿಂದ ನುಗ್ಗುತ್ತಿದೆ. ನಡು ಗೋಡೆಯಲ್ಲಿ ಒಂಟಿ ಕಲೆ ಇದ್ದರೆ ಅದರ ಹಿಂದೆ ಯಾವ ಪೈಪು ಹೋಗಿದೆ ಅಂತ ಕೇಳು.

ಅನುಮಾನ ಬಂದರೆ ಪರೀಕ್ಷೆ ಬಹಳ ಸುಲಭ. ಒಂದಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆ ತೆಗೆದುಕೊ, ಹಾಲಿನ ಪ್ಯಾಕೆಟ್ಟು ಕತ್ತರಿಸಿ ತೊಳೆದು ಒರೆಸಿದ್ದಾದರೂ ಆದೀತು. ಗೋಡೆಗೆ ಹಚ್ಚಿ ನಾಲ್ಕೂ ಅಂಚಿಗೆ ಟೇಪು ಅಂಟಿಸು, ಗಾಳಿ ಆಡದಂತೆ. ಒಂದೆರಡು ದಿನ ಬಿಟ್ಟು ನೋಡು. ಹಾಳೆಯ ಒಳಮೈಯಲ್ಲಿ, ಗೋಡೆ ಕಡೆಗೆ, ಸಣ್ಣ ಹನಿ ಕೂತಿದ್ದರೆ ಗೋಡೆಯೇ ನೀರು ಬಿಡುತ್ತಿದೆ. ಹೊರಮೈ ಒದ್ದೆಯಾಗಿ ಒಳಮೈ ಒಣಗಿದ್ದರೆ ಕೋಣೆಯ ಗಾಳಿಯ ತೇವ ತಣ್ಣನೆ ಗೋಡೆಗೆ ಬಡಿದು ನೀರಾಗುತ್ತಿದೆ. ಎರಡನೆಯದಕ್ಕೆ ಕಿಟಕಿ ತೆಗೆದರೆ ಸಾಕು, ಬಟ್ಟೆ ಒಳಗೆ ಒಣಹಾಕೋದು ನಿಲ್ಲಿಸಿದರೆ ಸಾಕು. ಮೊದಲನೆಯದಕ್ಕೆ ಮೂಲ ಹುಡುಕಲೇಬೇಕು.

ಹುಡುಕದೆ ಮುಚ್ಚಿದರೆ ಏನಾಗುತ್ತೆ ಅಂತ ನಮ್ಮ ನೆಂಟರ ಮನೆಯಲ್ಲಿ ಕಣ್ಣಾರೆ ಕಂಡೆ. ಹೆಸರು ಬೇಡ, ನಿಮ್ಮಮ್ಮನಿಗೆ ಗೊತ್ತು. ಹಾಲ್‌ನ ಗೋಡೆ ಒಸರುತ್ತೆ ಅಂತ ಅದರ ಮೇಲೆ ಮರದ ರೀಪು ಹೊಡೆದು ಹೊಳೆಯುವ ಪ್ಯಾನೆಲ್ ಕೂರಿಸಿದರು. ಮೊದಲ ದೀಪಾವಳಿಗೆ ಬಂದವರೆಲ್ಲ ಹೊಗಳಿದರು. ಮಳೆಗಾಲ ಬಂದ ಮೇಲೆ ಎಂಥದೋ ವಾಸನೆ. ಇಲಿ ಸತ್ತಿದೆಯೇನೋ ಅಂತ ಸೋಫಾ ಎಲ್ಲ ಎಳೆದಾಡಿದರು. ಕೊನೆಗೆ ಒಂದು ಪ್ಯಾನೆಲ್ ಕಿತ್ತರೆ, ಹಿಂದೆ ಗೋಡೆ ತುಂಬ ಕಪ್ಪು ಬೂಷ್ಟು, ರೀಪಿನ ತುಂಬ ಗೆದ್ದಲಿನ ಮಣ್ಣಿನ ದಾರಿ, ಜಿರಲೆಗಳ ಒಂದು ಊರೇ ಅಲ್ಲಿತ್ತು. ಒದ್ದೆ ಬಟ್ಟೆಯನ್ನು ಮಡಚಿ ಟ್ರಂಕಿಗೆ ಹಾಕಿ ಬೀಗ ಜಡಿದ ಹಾಗಾಗಿತ್ತು ಅವರ ಕಥೆ. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು. ವಾಲ್‌ಪೇಪರಿನದೂ ಅದೇ ಹಣೆಬರಹ. ಒಣಗಿದ, ನುಣುಪಾದ ಗೋಡೆಗೆ ಅದು ಸರಿ. ನಮ್ಮ ಮಲೆನಾಡಿನ ಜಡಿಮಳೆಗೆ ಅಂಚು ಬಿಟ್ಟು ಸುರುಳಿ ಸುತ್ತಿಕೊಳ್ಳೋದನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಕೆಲವರು ಒಳಗಡೆಯಿಂದ ವಾಟರ್‌ಪ್ರೂಫ್ ಬಣ್ಣ ಬಳಿದು ಗೆದ್ದೆವು ಅಂದುಕೊಳ್ಳುತ್ತಾರೆ. ನೆಲದಿಂದ ಬರುವ ನೀರಿಗೆ ಮುಂದಿನ ಬಾಗಿಲು ಹಾಕಿದರೆ ಅದು ಸುಮ್ಮನೆ ಕೂರುವುದಿಲ್ಲ, ಇನ್ನೂ ಮೇಲಕ್ಕೆ ಹತ್ತುತ್ತೆ. ಮೊದಲು ಮನೆಯ ಹೊರಗೆ ಹೋಗಿ ನೋಡು. ನಿನ್ನ ಫೋಟೋ ಒಂದರಲ್ಲಿ ಗೋಡೆಗೇ ಒತ್ತಿ ದಾಸವಾಳದ ಪಾತಿ ಕಂಡಿತು. ಅಲ್ಲಿ ಮಣ್ಣು ತಳಪಾಯದ ಪಟ್ಟಿಗಿಂತ ಮೇಲೆ ಬಂದಿದೆ, ದಿನಾ ನೀರೂ ಹಾಕುತ್ತೀಯ. ಗೋಡೆ ಒಸರದೆ ಇನ್ನೇನು ಮಾಡೀತು? ಪಾತಿಯನ್ನು ಮೂರಡಿ ಆಚೆಗೆ ಸರಿಸು, ಮಣ್ಣು ತೆಗೆದು ನೀರು ಆಚೆ ಹರಿಯುವಂತೆ ಇಳಿಜಾರು ಮಾಡಿಸು. ಸೂರಿನ ನೀರು ಗೋಡೆ ಬುಡಕ್ಕೇ ಬೀಳುತ್ತಿದ್ದರೆ ತಗಡಿನ ದೋಣಿ ಕಟ್ಟಿಸು. ಅರ್ಧಕ್ಕರ್ಧ ಒದ್ದೆ ಗೋಡೆಗಳು ಗುದ್ದಲಿಯಲ್ಲೇ ವಾಸಿಯಾಗುತ್ತವೆ, ಬ್ರಷ್ಷಿನಲ್ಲಲ್ಲ. ಗೋಡೆಯ ಮೇಲೆ ಕೂತ ಉಪ್ಪನ್ನು ಮಾತ್ರ ನೀರು ಹಾಕಿ ತೊಳೆಯಬೇಡ. ಕರಗಿ ಮತ್ತೆ ಒಳಕ್ಕೇ ಹೋಗುತ್ತೆ. ಒಣ ಬ್ರಷ್ಷಿನಲ್ಲಿ ಉಜ್ಜಿ, ಕೆಳಗೆ ಬಿದ್ದದ್ದನ್ನು ಗುಡಿಸಿ ಆಚೆ ಚೆಲ್ಲು.

ಮೂಲ ಸರಿಮಾಡಿದ ಮೇಲೆ ಕಾಯಬೇಕು. ನಿನಗೆ ಕಷ್ಟದ ಕೆಲಸ ಇದೇ, ಗೊತ್ತು ನನಗೆ. ಗೋಡೆ ಆರಲು ವಾರಗಳಲ್ಲ, ತಿಂಗಳುಗಳೇ ಬೇಕು. ಮಳೆಗಾಲದಲ್ಲಂತೂ ಆರುವುದೇ ಇಲ್ಲ. ಗಣೇಶನ ಹಬ್ಬಕ್ಕೆ ಮನೆ ಲಕಲಕ ಅನ್ನಬೇಕು ಅಂತ ಒದ್ದೆ ಗೋಡೆಗೆ ಬಣ್ಣ ಹೊಡೆಸಿ, ಯುಗಾದಿಗೆ ಅದೇ ಬಣ್ಣದ ಚಕ್ಕೆ ಗುಡಿಸುವ ಮನೆಗಳು ಊರಿಗೆ ಹತ್ತಿವೆ. ಸಂಕ್ರಾಂತಿ ಕಳೆದು ಬಿಸಿಲು ಏರುವ ಹೊತ್ತು, ಯುಗಾದಿಯ ಒಳಗೆ, ಗೋಡೆ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಕಾಲ ಇಲ್ಲ.

ಅಲ್ಲಿಯವರೆಗೆ ಬೋಳು ಗೋಡೆ ನೋಡಲಾರೆ ಅನ್ನುತ್ತೀಯಾ? ಸುಣ್ಣ ಹೊಡೆ. ನಗಬೇಡ. ಈಗಿನ ಪ್ಲಾಸ್ಟಿಕ್ ಬಣ್ಣಗಳು ಗೋಡೆಯ ಉಸಿರು ಕಟ್ಟಿಸುತ್ತವೆ, ಸುಣ್ಣ ಉಸಿರಾಡಲು ಬಿಡುತ್ತೆ. ಅದರ ಕ್ಷಾರಕ್ಕೆ ಬೂಷ್ಟೂ ಸುಲಭಕ್ಕೆ ಹತ್ತಿರ ಬರುವುದಿಲ್ಲ. ಸುಟ್ಟ ಸುಣ್ಣದ ಕಲ್ಲನ್ನು ಡ್ರಮ್ಮಿನ ನೀರಿಗೆ ಹಾಕಿದರೆ ಒಲೆ ಇಲ್ಲದೆಯೇ ಕೊತಕೊತ ಕುದಿಯುತ್ತೆ, ಮಕ್ಕಳನ್ನು ಹತ್ತಿರ ಬಿಡಬಾರದು. ಅರಳಿ ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು, ಚಿಟಿಕೆ ನೀಲಿ ಬೆರೆಸಿ ತೆಳ್ಳಗೆ ಹೊಡೆಯಬೇಕು. ಹೊಡೆದಾಗ ಏನೂ ಕಾಣದು, ಬರೀ ನೀರು ಬಳಿದಂತಿರುತ್ತೆ. ನಿನ್ನಂಥವರು ಅಲ್ಲೇ ತಾಳ್ಮೆ ಕಳೆದುಕೊಂಡು ದಪ್ಪ ಮಾಡಿ ಹೊಡೆಯೋದು, ಅದು ಆಮೇಲೆ ಹಪ್ಪಳ ಏಳೋದು. ಸುಮ್ಮನೆ ಬಿಟ್ಟರೆ ಆರುತ್ತ ಆರುತ್ತ ಬಿಳುಪು ತಾನಾಗಿ ಏಳುತ್ತೆ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತೆ. ಎರಡು ಮೂರು ಸಲ ಹೀಗೆ ಹೊಡೆದರೆ ಸಣ್ಣಪುಟ್ಟ ಸೀಳುಗಳೂ ಮುಚ್ಚಿಹೋಗುತ್ತವೆ. ಒರಗಿದರೆ ಬೆನ್ನಿಗೆ ಹತ್ತುತ್ತೆ, ಅದೊಂದು ತಕರಾರು ಇದ್ದೇ ಇದೆ. ಪ್ಲಾಸ್ಟಿಕ್ ಬಣ್ಣದ ಮೇಲೂ ಅದು ನಿಲ್ಲುವುದಿಲ್ಲ, ಮೊದಲು ಕೆರೆಯಬೇಕು. ಹಿಂದುಗಡೆಯ ಮಣ್ಣಿನ ಗೋಡೆಯ ಕೋಣೆಗಂತೂ ಸಿಮೆಂಟು ಗಿಲಾವು ಹಾಕಿಸುವ ಯೋಚನೆಯನ್ನೇ ಬಿಡು. ಮಣ್ಣು ಒದ್ದೆಯಾದಾಗ ಉಬ್ಬುತ್ತೆ, ಆರಿದಾಗ ಕುಗ್ಗುತ್ತೆ. ಸಿಮೆಂಟಿಗೆ ಆ ಗುಣ ಇಲ್ಲ. ಒಂದಕ್ಕೊಂದು ಹೊಂದದೆ ಹಲಗೆ ಹಲಗೆಯಾಗಿ ಕಳಚಿ ಬೀಳುತ್ತೆ. ಮಣ್ಣಿಗೆ ಮಣ್ಣೋ ಸುಣ್ಣವೋ, ಅಷ್ಟೇ.

ಕೆರೆಯುವ ಮಾತು ಬಂತಲ್ಲ, ಒಂದು ಎಚ್ಚರಿಕೆ. ಹಳೇ ಮನೆಯ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅಂತ ಕೇಂದ್ರ ಸರ್ಕಾರದ ನಿಯಮ ಬಂದದ್ದೇ 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ನಿನ್ನ ಮನೆಯ ಬಾಗಿಲು ಗೋಡೆಗಳ ಬಣ್ಣ ಅದಕ್ಕಿಂತ ಎಷ್ಟೋ ಹಿಂದಿನದು. ಒಣಗಿದ್ದನ್ನು ಉಪ್ಪುಕಾಗದದಲ್ಲಿ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಚಿಮುಕಿಸಿ ಉಜ್ಜಿಸು, ಕೆಲಸದವರಿಗೆ ಒಳ್ಳೆ ಮಾಸ್ಕು ಕೊಡು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ನಿಮ್ಮ ಪುಟ್ಟಿಯನ್ನು ಆ ವಾರ ಇಲ್ಲಿ ನಮ್ಮ ಹತ್ತಿರ ಬಿಡು. ನಮಗೂ ಹೊತ್ತು ಹೋಗುತ್ತೆ.

ಈಗ ರೂಪದ ವಿಷಯ. ಹಾಲ್‌ನ ಗೋಡೆಯ ಹೊಟ್ಟೆ ನಿನಗೆ ಯಾವಾಗ ಕಾಣುತ್ತೆ, ಗಮನಿಸಿದ್ದೀಯಾ? ರಾತ್ರಿ, ಟ್ಯೂಬ್‌ಲೈಟು ಹಾಕಿದ ಮೇಲೆ. ಬೆಳಕು ಗೋಡೆಯನ್ನು ಸವರಿಕೊಂಡು ಬಂದರೆ ಪ್ರತಿ ಉಬ್ಬಿಗೂ ಒಂದು ನೆರಳು ಬೀಳುತ್ತೆ. ದೀಪ ಆರಿಸಿ ಮೊಬೈಲಿನ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ನೋಡು. ಅತ್ಯಂತ ನುಣುಪಾದ ಗೋಡೆಯೂ ಚಿಕ್ಕಮಗಳೂರಿನ ಗಿರಿಸಾಲಿನ ಭೂಪಟ ಬಿಚ್ಚುತ್ತೆ. ಈಗಿನವರು ಸೀಲಿಂಗ್ ಅಂಚಿನಲ್ಲಿ ಎಲ್‌ಇಡಿ ಪಟ್ಟಿ ಹಾಕಿಸುತ್ತಾರಲ್ಲ, ಡೊಂಕು ಗೋಡೆಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ದೀಪವನ್ನು ಗೋಡೆಯಿಂದ ಬಿಡಿಸಿ ಕೋಣೆಯ ನಡುವೆ ತಂದರೆ, ಇಲ್ಲವೇ ಎದುರು ಗೋಡೆಗೆ ಹಾಕಿದರೆ, ಮುಕ್ಕಾಲು ಪಾಲು ಉಬ್ಬು ಅಲ್ಲೇ ಮಾಯ. ಎಲೆಕ್ಟ್ರಿಷಿಯನ್ನಿಗೆ ಒಂದು ಹೊತ್ತಿನ ಕೆಲಸ. ಆಮೇಲೆ ಬಣ್ಣ. ಅಂಗಡಿಯವನು ಹೊಳೆಯುವುದನ್ನೇ ಮುಂದಿಡುತ್ತಾನೆ, ಅದರಲ್ಲಿ ಅವನಿಗೂ ಲಾಭ. ಹೊಳಪು ಪ್ರತಿ ತಗ್ಗನ್ನೂ ಎತ್ತಿ ತೋರಿಸುತ್ತೆ. ನೀನು ಮ್ಯಾಟ್ ಕೇಳು, ತಿಳಿ ಬಣ್ಣ ಕೇಳು.

ಪುಟ್ಟಿ ಬಳಿದು ಗೋಡೆ ನೆಟ್ಟಗೆ ಮಾಡಿಕೊಡುತ್ತೇನೆ ಅನ್ನುವ ಪೇಂಟರ್ ಸಿಕ್ಕರೆ ಕೈಮುಗಿದು ಕಳಿಸು. ಪುಟ್ಟಿ ಇರೋದು ಮೈ ನುಣುಪು ಮಾಡಲಿಕ್ಕೆ. ಎರಡು ಕೋಟು ಸೇರಿ ಒಂದೂವರೆ ಮಿಲಿಮೀಟರ್ ದಾಟಬಾರದು, ದಾಟಿದರೆ ಬಿರಿದು ಉದುರುತ್ತೆ. ಮೂರಡಿ ಮಟ್ಟಗೋಲು ಗೋಡೆಗೆ ಹಿಡಿದಾಗ ಸಂದಿನಲ್ಲಿ ನಿನ್ನ ಕಿರುಬೆರಳು ಹೋಗುತ್ತದೆಂದರೆ ಅದು ಪುಟ್ಟಿಯ ಕೈ ಮೀರಿದ್ದು. ಹಳೇ ಗಿಲಾವು ಕೊಚ್ಚಿ ತೆಗೆದು ಹೊಸದಾಗಿ ಹಾಕಬೇಕು. ಒಳಗೋಡೆಗೆ ಸಾಮಾನ್ಯವಾಗಿ 12 ಮಿ.ಮೀ. ಗಿಲಾವು, ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು, ಕಡಿಮೆಯೆಂದರೂ ಏಳು ದಿನ ನೀರು ಕುಡಿಸಬೇಕು. ಬಣ್ಣಕ್ಕೆ ಮುಂಚೆ ನಾಲ್ಕು ವಾರ ಆರಬೇಕು. ಬೀಮಿಗೂ ಗೋಡೆಗೂ ನಡುವಿನ ಸೀಳು ಮತ್ತೆ ಮತ್ತೆ ಬಾಯಿ ಬಿಡುತ್ತಿದ್ದರೆ ಗಿಲಾವಿನ ಕೆಳಗೆ ಕೋಳಿ ಬಲೆ ಹೊಡೆಸು. ಬಾಗಿಲು ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕಿದ್ದರೆ ಅದರ ಎರಡೂ ತುದಿಗೆ ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ತಾರೀಖು ಬರೆ. ಗೀಟು ದಾಟಿ ಬೆಳೆಯುತ್ತಿದ್ದರೆ ಇಂಜಿನಿಯರನ್ನು ಕರೆಯಲೇಬೇಕು, ಆಗ ನನ್ನನ್ನು ಕೇಳಬೇಡ.

ಇಷ್ಟೆಲ್ಲ ಧೂಳು, ಖರ್ಚು ಒಂದು ಹೊಟ್ಟೆಗಾಗಿ ಬೇಕೇ ಅಂತ ಯೋಚಿಸು. ಬಂದವರು ಏನಂದುಕೊಳ್ಳುತ್ತಾರೋ ಅನ್ನುವ ಚಿಂತೆ ತಾನೇ ನಿನಗೆ? ಬೀಗರು ತೂಗುಗುಂಡು ಜೇಬಿನಲ್ಲಿಟ್ಟುಕೊಂಡು ಬರುವುದಿಲ್ಲ. ಫ್ಯಾನಿನ ಕೆಳಗೆ ಜಾಗ ಇದೆಯೋ, ಕಾಫಿ ಬಿಸಿಯಿದೆಯೋ, ಚಾರ್ಜರ್ ಪಾಯಿಂಟ್ ಎಲ್ಲಿದೆಯೋ, ಅವರ ಗಮನ ಅಷ್ಟೇ. ಗೋಡೆಯ ಡೊಂಕನ್ನು ಅವರಿಗೆ ತೋರಿಸುವವನೂ ನೀನೇ. ಬಂದವರನ್ನೆಲ್ಲ ಗೋಡೆ ಮುಂದೆ ನಿಲ್ಲಿಸಿ, ಇಲ್ಲಿ ಸ್ವಲ್ಪ ಸರಿಯಿಲ್ಲ ಅಂತ ಕ್ಷಮೆ ಕೇಳುವ ಚಟ ಬಿಡು, ಅರ್ಧ ಡೊಂಕು ನೆಟ್ಟಗಾಗುತ್ತೆ.

ಸಾಗರ, ಸೊರಬದ ಕಡೆ ದೀವರ ಮನೆಗಳ ಹಸೆ ಚಿತ್ತಾರ ನೋಡಿದ್ದೀಯಾ? ಕೆಮ್ಮಣ್ಣು ಸಾರಿಸಿದ ಮಣ್ಣಿನ ಗೋಡೆ. ಮಟ್ಟಗೋಲು ಹಿಡಿದರೆ ನಿನ್ನ ಗೋಡೆಗಿಂತ ಮೂರು ಪಟ್ಟು ಡೊಂಕು. ಆ ಹೆಂಗಸರು ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಕಲು ಮಾಡಿದ ಅಕ್ಕಿಯ ಕಪ್ಪು ಇಟ್ಟುಕೊಂಡು, ಪುಂಡಿ ನಾರಿನ ಕುಂಚದಲ್ಲಿ ಗೆರೆ ಎಳೆಯುತ್ತಾರೆ. ಕೂದಲೆಳೆಯಷ್ಟು ಸಣ್ಣ ಗೆರೆ, ಉಬ್ಬು ಹತ್ತಿ ತಗ್ಗು ಇಳಿದು ನೇರ ಹೋಗುತ್ತೆ. ಮದುವೆ ಮನೆಯಲ್ಲಿ ಅದರ ಮುಂದೆಯೇ ಹಸೆ ಹಾಕೋದು. ಗೋಡೆ ಮಟ್ಟ ಇದೆಯೇ ಅಂತ ಯಾರೂ ಕೇಳಿದ್ದಿಲ್ಲ. ತಿರುವನಂತಪುರದಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ ಇಟ್ಟಿಗೆಗೆ ಗಿಲಾವೇ ಹಾಕದೆ ಮನೆ ಕಟ್ಟಿದರು, ಅದನ್ನು ನೋಡಲು ನಿನ್ನ ವಯಸ್ಸಿನ ಆರ್ಕಿಟೆಕ್ಟುಗಳು ಈಗಲೂ ಹೋಗುತ್ತಾರೆ.

ಚಿತ್ತಾರ ನಿನ್ನ ಕೈಲಿ ಆಗದಿದ್ದರೆ ಬೇರೆ ದಾರಿಗಳಿವೆ. ಒಣಗಿದ ಗೋಡೆ ಅಂತ ಖಾತ್ರಿಯಾದ ಮೇಲೆ ಮಾತ್ರ, ಇದು ನೆನಪಿರಲಿ. ಹೊಟ್ಟೆ ಬಂದ ಗೋಡೆಗೆ ಮರದ ರಾಡು ಹಾಕಿ ಕೌದಿ ಇಳಿಬಿಡು. ಅಜ್ಜಿಯ ಪೆಟ್ಟಿಗೆಯಲ್ಲಿ ಹುಬ್ಬಳ್ಳಿ ಕಡೆಯವರು ಕೊಟ್ಟದ್ದೊಂದು ಇದೆ, ಕೇಳಿದರೆ ಕೊಡುತ್ತಾಳೆ, ಸ್ವಲ್ಪ ಬೈದು ಕೊಡುತ್ತಾಳೆ. ಹಳೇ ಇಳಕಲ್ ಸೀರೆಯ ಸೆರಗಾದರೂ ಚೆಂದವೇ. ಬಟ್ಟೆಯನ್ನು ಗೋಡೆಗೆ ಅಂಟಿಸಬೇಡ, ಎರಡು ಬೆರಳು ಸಂದು ಬಿಟ್ಟು ತೂಗುಹಾಕು, ವರ್ಷಕ್ಕೆರಡು ಸಲ ಬಿಸಿಲಿಗೆ ಹಾಕು. ತಗ್ಗಿರುವ ಗೋಡೆಗೆ ಪುಸ್ತಕದ ಕಪಾಟು ನಿಲ್ಲಿಸು. ಅದಕ್ಕೂ ಹಿಂದೆ ಎರಡು ಇಂಚು ಗಾಳಿ ಆಡಲಿ, ಇಲ್ಲದಿದ್ದರೆ ಕಾರಂತರಿಗೂ ಕುವೆಂಪುಗೂ ಒಟ್ಟಿಗೆ ಬೂಷ್ಟು. ಮೊಳೆ ತೂತುಗಳು ಒತ್ತೊತ್ತಾಗಿರುವ ಕಡೆ ಫೋಟೋಗಳನ್ನು ಗುಂಪಾಗಿ ಹಾಕು. ಹೊಸ ಮೊಳೆ ಹೊಡೆಯುವಾಗ ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಎಲ್ಲೂ ಹೊಡೆಯಬೇಡ, ವೈರು ಅಲ್ಲೇ ಇಳಿದಿರುತ್ತೆ. ಟೆಕ್ಸ್ಚರ್ ಪೇಂಟ್ ಅಂತ ಒರಟು ಬಣ್ಣ ಬರುತ್ತಲ್ಲ, ಉಬ್ಬು ತಗ್ಗು ಚೆನ್ನಾಗೇ ಮರೆಸುತ್ತೆ. ಆದರೆ ಒಂದೊಂದು ಗುಳಿಯಲ್ಲೂ ಧೂಳು ಕೂರುತ್ತೆ, ನಾಳೆ ಬೇಡ ಅನ್ನಿಸಿದರೆ ಕಿತ್ತು ತೆಗೆಯೋದು ಹಾಕಿಸಿದ್ದಕ್ಕಿಂತ ದುಬಾರಿ. ಒಂದೇ ಗೋಡೆಗೆ ಹಾಕಿಸಿ ನೋಡು.

ಕೊನೆಗೆ ಕೆಲಸದವರ ಮಾತು. ನಾಲ್ಕು ಜನರನ್ನು ಕರೆಸಿ ಯಾರು ಕಡಿಮೆ ಹೇಳಿದರೋ ಅವರಿಗೆ ಕೊಡುವವನು ನೀನು. ಕಡಿಮೆ ಹೇಳಿದವನು ಎಲ್ಲಿ ಉಳಿಸುತ್ತಾನೆ ಗೊತ್ತಾ? ಒಂದು ಕೋಟಿಗೂ ಇನ್ನೊಂದು ಕೋಟಿಗೂ ನಡುವೆ ಕಾಯುವ ಹೊತ್ತಿನಲ್ಲಿ. ಮೊದಲ ಕೋಟು ಬೆಳಿಗ್ಗೆ, ಎರಡನೇದು ಮಧ್ಯಾಹ್ನ, ಸಂಜೆ ದುಡ್ಡು. ಹಳೇ ಮೇಸ್ತ್ರಿಯೊಬ್ಬನನ್ನು ಹಿಡಿ, ಒಳಗೆ ಬಂದವನೇ ರೇಟು ಹೇಳದೆ ಮೊದಲು ಗೋಡೆ ಕುಟ್ಟಿ ನೋಡುವವನನ್ನು. ಅವನ ಹಿಂದೆ ಹಿಂದೆ ಸುತ್ತಿ ಯೂಟ್ಯೂಬಿನ ವಿದ್ಯೆ ತೋರಿಸಬೇಡ. ಹತ್ತು ಗಂಟೆಗೆ ಕಾಫಿ ಕೊಡು, ಮಧ್ಯಾಹ್ನ ನೆರಳಿನಲ್ಲಿ ಊಟಕ್ಕೆ ಕೂರಲು ಜಾಗ ಕೊಡು, ಸಂಜೆ ಬೆಳಕಿರುವಾಗಲೇ ನಿಂತು ನೋಡಿ ಸರಿಯಿಲ್ಲದ್ದನ್ನು ಅವತ್ತೇ ಹೇಳು. ಉಳಿದ ಬಣ್ಣದ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಸಿ, ಅದರ ಮೇಲೆ ಯಾವ ಕೋಣೆ, ಯಾವ ಶೇಡು, ಯಾವ ತಿಂಗಳು ಅಂತ ಬರೆದಿಡು. ನಿಮ್ಮ ಪುಟ್ಟಿ ಕ್ರೆಯಾನ್ ಹಿಡಿಯುವ ವಯಸ್ಸಿಗೆ ಬಂದಳು, ಆ ಡಬ್ಬಿ ಬೇಗನೇ ಬೇಕಾಗುತ್ತೆ.